ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್: ಒಂದೇ ಸಿಲಿಂಡರ್ ಯಾಕೆ ಮೊದಲು ಹೋಗುತ್ತದೆ, ಕಾರಣ ಹುಡುಕುವುದು ಹೇಗೆ

ಕೆಟ್ಟುಹೋದ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್) ಬಿಚ್ಚಿದಾಗ ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ಹಾಳಾಗಿರುವುದು ಅಪರೂಪ. ಒಂದರ ಪಿಸ್ಟನ್ ಉಜ್ಜಿ ಹರಿದಿರುತ್ತದೆ, ಪಕ್ಕದ್ದು ಹೊಸದರ ಹಾಗೆ ಇರುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಹೋದ ಸಿಲಿಂಡರ್ ಬೋರ್ ಮಾಡಿಸಿ (ಒಳಗೋಡೆ ಕೊರೆಸಿ ಸಮ ಮಾಡಿಸಿ), ಹೊಸ ಪಿಸ್ಟನ್ ಕೂರಿಸಿ, ಎಂಜಿನ್ ದೋಣಿಗೆ ಏರಿಸುವುದು. ಕೆಲವು ವಾರ ಚೆನ್ನಾಗಿ ಓಡುತ್ತದೆ. ಮತ್ತೆ ಅದೇ ಸಿಲಿಂಡರ್ ಹಿಡಿಯುತ್ತದೆ, ಅಂದರೆ ಪಿಸ್ಟನ್ ಒಳಗೇ ಸಿಕ್ಕಿಕೊಳ್ಳುತ್ತದೆ.

ಯಾಕೆಂದರೆ ಪಿಸ್ಟನ್ ಸುಮ್ನೆ ಹೋಗಿರುವುದಿಲ್ಲ. ನೀರು, ಇಂಧನ, ಗಾಳಿ, ಕಿಡಿ, ಎಣ್ಣೆ, ಈ ಐದರಲ್ಲಿ ಯಾವುದೋ ಒಂದು ಆ ಸಿಲಿಂಡರ್‌ಗೆ ಸರಿಯಾಗಿ ಸಿಕ್ಕಿರುವುದಿಲ್ಲ. ಯಾವ ಸಿಲಿಂಡರ್ ಹೋಯಿತು ಎನ್ನುವುದೇ ಅರ್ಧ ಉತ್ತರ. ಪಿಸ್ಟನ್ ಮೇಲಿನ ಗುರುತು ಉಳಿದರ್ಧ. ಇವೆರಡನ್ನೂ ಓದದೆ ಬಿಡಿಭಾಗಕ್ಕೆ ದುಡ್ಡು ಹಾಕಬೇಡಿ.

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ನಾಡದೋಣಿಗಳ ಮೇಲೆ ಇಂಥ ಎಂಜಿನ್‌ಗಳೇ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗೆ ಅವಕಾಶ ಇರುವುದರಿಂದ 9.9 ಅಶ್ವಶಕ್ತಿಯ ಎಂಜಿನ್‌ಗೆ ಇಲ್ಲಿ ವಿಶೇಷ ಬೆಲೆ. ಮಳೆಗಾಲದ ಕಡಲಿನಲ್ಲಿ ಅಳಿವೆ ಬಾಗಿಲು ದಾಟುವಾಗ ಎಂಜಿನ್ ನಿಂತರೆ ಅದು ಬರೀ ರಿಪೇರಿ ಖರ್ಚಿನ ಮಾತಲ್ಲ, ಜೀವದ ಮಾತು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದಿರಲಿ

ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಎಲ್ಲ ಸಿಲಿಂಡರ್‌ಗಳಿಗೂ ಕೆಳಗೆ ಒಂದೇ ಆಯಿಲ್ ಚೇಂಬರ್ ಇರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಹಾಗಲ್ಲ. ಪ್ರತಿ ಸಿಲಿಂಡರ್‌ಗೂ ಅದರದ್ದೇ ಕ್ರ್ಯಾಂಕ್‌ಕೇಸ್ ಕೋಣೆ (ಪಿಸ್ಟನ್‌ನ ಹಿಂಬದಿಯಲ್ಲಿ ಕ್ರ್ಯಾಂಕ್ ತಿರುಗುವ ಜಾಗ), ಅದರದ್ದೇ ರೀಡ್ ವಾಲ್ವ್ (ಆ ಕೋಣೆಗೆ ಇಂಧನ-ಗಾಳಿ ಒಳಗೆ ಮಾತ್ರ ಬಿಡುವ ತೆಳು ಎಲೆಯ ಕವಾಟ). ಹಲವು ಎಂಜಿನ್‌ಗಳಲ್ಲಿ ಕಾರ್ಬೊರೇಟರ್ ಮತ್ತು ಇಗ್ನಿಷನ್ ಕಾಯಿಲ್ ಕೂಡ ಬೇರೆ ಬೇರೆ. ಒಂದೇ ಸೂರಿನ ಕೆಳಗೆ ಬೇರೆ ಬೇರೆ ಒಲೆ ಹೂಡಿಕೊಂಡ ಅಣ್ಣತಮ್ಮಂದಿರ ಹಾಗೆ: ಒಬ್ಬನ ಒಲೆ ಆರಿದ್ದು ಇನ್ನೊಬ್ಬನಿಗೆ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ಟೂ-ಸ್ಟ್ರೋಕ್‌ನಲ್ಲಿ ಎಣ್ಣೆ ಬರುವುದು ಇಂಧನದ ಜೊತೆಗೇ. ಒಂದು ಸಿಲಿಂಡರ್‌ಗೆ ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾಯಿತು ಎಂದುಕೊಳ್ಳಿ. ಇದನ್ನೇ ಮೆಕ್ಯಾನಿಕ್‌ಗಳು ‘ಲೀನ್’ ಎನ್ನುತ್ತಾರೆ. ಲೀನ್ ಆದಾಗ ಉರಿ ಬಿಸಿಯಾಗುತ್ತದೆ, ಅದೇ ಹೊತ್ತಿಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಆ ಹೊತ್ತಿಗೆ ಎಂಜಿನ್ ಎಂದಿಗಿಂತ ಹಗುರವಾಗಿ, ಜೋರಾಗಿ ಓಡುತ್ತಿದೆ ಅನ್ನಿಸುವುದೂ ಉಂಟು. ಹಿಡಿಯುವವರೆಗೂ ಅನುಮಾನವೇ ಬರುವುದಿಲ್ಲ.

ಹಂತ 1: ಯಾವ ಸಿಲಿಂಡರ್ ಎಂದು ಗುರುತಿಸಿ

ಸಿಲಿಂಡರ್‌ಗಳು ಒಂದರ ಕೆಳಗೊಂದು ಇರುವ ಎಂಜಿನ್‌ನಲ್ಲಿ ಮೇಲಿನದು, ಅಂದರೆ ಫ್ಲೈವೀಲ್ ಹತ್ತಿರದ್ದು, 1ನೇ ಸಿಲಿಂಡರ್. ಅಲ್ಲಿಂದ ಕೆಳಗೆ 2, 3. ವಿ ಆಕಾರದ ದೊಡ್ಡ ಎಂಜಿನ್‌ಗಳಲ್ಲಿ ಎಡ-ಬಲದ ಲೆಕ್ಕಕ್ಕೆ ಕಂಪನಿಯ ಕೈಪಿಡಿ ನೋಡಿ. ಏನನ್ನಾದರೂ ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಪ್ಲಗ್, ಕಾರ್ಬೊರೇಟರ್, ಜೆಟ್ (ಕಾರ್ಬೊರೇಟರ್‌ನಲ್ಲಿ ಇಂಧನ ಹಾಯುವ ಸಣ್ಣ ತೂತಿನ ತುಂಡು) ಎಲ್ಲಕ್ಕೂ ನಂಬರ್ ಬರೆದ ಟೇಪ್ ಅಂಟಿಸಿ. ಕೆಲವು ಎಂಜಿನ್‌ಗಳಲ್ಲಿ ಮೇಲಿನ ಮತ್ತು ಕೆಳಗಿನ ಕಾರ್ಬೊರೇಟರ್‌ಗಳ ಜೆಟ್ ಅಳತೆ ಕಾರ್ಖಾನೆಯಿಂದಲೇ ಬೇರೆ ಇರುತ್ತದೆ. ತೊಳೆಯುವಾಗ ಅವು ಅದಲುಬದಲಾದರೆ ಚೆನ್ನಾಗಿದ್ದ ಸಿಲಿಂಡರ್ ಕೂಡ ಹೋಗುತ್ತದೆ.

ಹಂತ 2: ಕಂಪ್ರೆಶನ್ ಅಳೆಯಿರಿ

ಎಂಜಿನ್ ತಿರುಗುವುದಾದರೆ ಸ್ವಲ್ಪ ಬಿಸಿ ಮಾಡಿ ನಿಲ್ಲಿಸಿ. ಎಲ್ಲ ಪ್ಲಗ್‌ಗಳನ್ನೂ ತೆಗೆಯಿರಿ. ಕಿಲ್ ಸ್ವಿಚ್‌ನ ಕ್ಲಿಪ್ ಎಳೆದಿಡಿ, ಪ್ಲಗ್ ವೈರ್‌ಗಳನ್ನು ಬ್ಲಾಕ್‌ಗೆ ಅರ್ಥ್ ಮಾಡಿ. ಪೆಟ್ರೋಲ್ ಆವಿ ಇರುವ ಜಾಗದಲ್ಲಿ ಕಿಡಿ ಹಾರಬಾರದು. ಥ್ರಾಟಲ್ ಪೂರ್ತಿ ತೆರೆಯಿರಿ. ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜನ್ನು ಪ್ಲಗ್ ತೂತಿಗೆ ತಿರುಗಿಸಿ ಕೂರಿಸಿ, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಸಾಮಾನ್ಯವಾಗಿ ಐದಾರು ಎಳೆತ ಸಾಕು. ಪ್ರತಿ ಸಿಲಿಂಡರ್‌ಗೂ ಅಷ್ಟೇ ಬಾರಿ, ಅಷ್ಟೇ ಜೋರಾಗಿ ಎಳೆಯಿರಿ.

ನೋಡಬೇಕಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಗೇಜ್‌ನಿಂದ ಗೇಜ್‌ಗೆ ಅಂಕಿ ಬದಲಾಗುತ್ತದೆ, ಸೀಮೆಎಣ್ಣೆ ಎಂಜಿನ್‌ನಲ್ಲಿ ಕಂಪ್ರೆಶನ್ ಕಡಿಮೆಯೇ ಇರುತ್ತದೆ. ಒಂದು 110 ಪಿಎಸ್‌ಐ, ಇನ್ನೊಂದು 105 ತೋರಿಸಿದರೆ ಚಿಂತೆ ಇಲ್ಲ. ಒಂದು 110, ಇನ್ನೊಂದು 85 ಎಂದರೆ ಕೆಲಸ ಇದೆ. ನೂರಕ್ಕೆ ಹತ್ತು-ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹೆಡ್ ಬಿಚ್ಚುವುದೇ ಒಳ್ಳೆಯದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಗೋಡೆ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಪಿಸ್ಟನ್ ತಲೆಯ ತೂತಿನ ಮೇಲೆ ಅನುಮಾನ ಪಡಿ.

ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಒಟ್ಟಿಗೆ ಕಡಿಮೆ ಬಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಹಂತ 3: ಪ್ಲಗ್ ನೋಡಿ

ಪ್ಲಗ್‌ಗಳನ್ನು ಕ್ರಮವಾಗಿ ಸಾಲಾಗಿ ಇಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಬಿಳಿಯಾಗಿ ಒಣಗಿದ್ದರೆ ಲೀನ್. ಪಿಂಗಾಣಿಯ ಮೇಲೆ ಬೆಳ್ಳಿಯಂಥ ಸಣ್ಣ ಚುಕ್ಕೆಗಳಿದ್ದರೆ ಅದು ಕರಗಿದ ಪಿಸ್ಟನ್‌ನ ಅಲ್ಯುಮಿನಿಯಂ. ಎಂಜಿನ್ ಮತ್ತೆ ಓಡಿಸಲೇಬೇಡಿ. ಒದ್ದೆಯಾಗಿ ಕಪ್ಪಗಿದ್ದರೆ ಆ ಸಿಲಿಂಡರ್ ಉರಿಯುತ್ತಿಲ್ಲ ಅಥವಾ ಇಂಧನ ಅತಿಯಾಗಿದೆ. ತುಕ್ಕಿನ ಬಣ್ಣ, ಇಲ್ಲವೇ ಹಬೆಯಲ್ಲಿ ತೊಳೆದಂಥ ಹೊಳಪು ಕಂಡರೆ ಒಳಗೆ ನೀರು ಬಂದಿದೆ.

ಒಂದೇ ಒಂದು ಪ್ಲಗ್ ಬೇರೆ ನಂಬರಿನದ್ದು ಎಂದು ಪತ್ತೆಯಾಗುವುದೂ ಇದೆ. ಅಂಗಡಿಯಲ್ಲಿ ಆ ದಿನ ಸಿಕ್ಕಿದ್ದು ಹಾಕಿರುತ್ತಾರೆ. ಅದು ಬಿಸಿ ಜಾತಿಯ, ಅಂದರೆ ತನ್ನ ಬಿಸಿ ಬೇಗ ಬಿಟ್ಟುಕೊಡದ ಪ್ಲಗ್ ಆಗಿದ್ದರೆ ಅದೊಂದೇ ಪಿಸ್ಟನ್ ತಲೆಯಲ್ಲಿ ತೂತು ಬೀಳಿಸಲು ಸಾಕು.

ಹಂತ 4: ಪಿಸ್ಟನ್ ಓದಿ

ಹೆಡ್ ತೆಗೆದ ಮೇಲೆ ಅವಸರದಿಂದ ಒರೆಸಬೇಡಿ. ಮಡ್ಡಿಯ ಬಣ್ಣ, ಗೀರಿನ ಜಾಗ ಎಲ್ಲವೂ ಬೇಕು.

ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಉದ್ದುದ್ದ ಗೀರು ಇದ್ದರೆ ಲೀನ್ ಅಥವಾ ಎಣ್ಣೆ ಕೊರತೆ. ಅದೇ ಪಿಸ್ಟನ್‌ನ ಅತಿ ಬಿಸಿಯಾಗುವ ಬದಿ. ಗೀರು ಸುತ್ತಲೂ ಇದ್ದರೆ ನೀರು ಸಿಗದೆ ಇಡೀ ಸಿಲಿಂಡರ್ ಕಾದಿದೆ. ನಾಲ್ಕು ಮೂಲೆಗಳಂತೆ ನಾಲ್ಕು ಕಡೆ ಮಾತ್ರ ಉಜ್ಜಿದ್ದರೆ, ಎಂಜಿನ್ ತಣ್ಣಗಿರುವಾಗಲೇ ಪೂರ್ತಿ ಥ್ರಾಟಲ್ ಕೊಟ್ಟಿದ್ದಾರೆ. ಅಲ್ಯುಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತದೆ, ಸಿಲಿಂಡರ್ ನಿಧಾನಕ್ಕೆ ಹಿಗ್ಗುತ್ತದೆ. ನಡುವೆ ಜಾಗ ಉಳಿಯುವುದಿಲ್ಲ.

ತಲೆಯ ಅಂಚು ಇಲಿ ಕಚ್ಚಿದಂತೆ ತಿಂದುಹೋಗಿ ಒರಟಾಗಿದ್ದರೆ ಅದು ನಾಕಿಂಗ್, ಅಂದರೆ ಇಂಧನ ಸಮಾಧಾನವಾಗಿ ಉರಿಯದೆ ಸಿಡಿದಿದೆ. ಟೈಮಿಂಗ್ ಮುಂದೆ ಹೋಗಿರುವುದು (ಅಂದರೆ ಕಿಡಿ ಬೇಗ ಹಾರುವುದು), ಕಡಿಮೆ ಆಕ್ಟೇನ್‌ನ ಇಂಧನ, ಲೀನ್, ಇವು ಕಾರಣಗಳು. ತಲೆಯ ನಡುವೆಯೇ ಕರಗಿ ತೂತಾಗಿದ್ದರೆ ಕಿಡಿಗೆ ಮುಂಚೆಯೇ ಯಾವುದೋ ಕೆಂಡದಂಥ ಭಾಗ ಇಂಧನ ಹೊತ್ತಿಸಿದೆ. ಬಿಸಿ ಜಾತಿಯ ಪ್ಲಗ್ ಅಥವಾ ಕೆಂಪಗೆ ಕಾದ ಮಸಿ ಗಂಟು ಸಾಮಾನ್ಯ ಕಾರಣ. ರಿಂಗ್‌ಗಳು ಗ್ರೂವ್‌ನಲ್ಲೇ ಅಂಟಿದ್ದರೆ ತಪ್ಪು ಎಣ್ಣೆ ಅಥವಾ ಬಹಳ ದಿನದ ಮಸಿ.

ಬೈಕಿನ ಟೂ-ಸ್ಟ್ರೋಕ್ ಎಣ್ಣೆ ಔಟ್‌ಬೋರ್ಡ್‌ಗೆ ಆಗುವುದಿಲ್ಲ. ಗಾಳಿಯಿಂದ ತಣಿಯುವ ಎಂಜಿನ್‌ಗೆ ಮಾಡಿದ ಆ ಎಣ್ಣೆ ಉರಿದಾಗ ಬೂದಿ ಬಿಡುತ್ತದೆ. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಎಂದಿರಬೇಕು. ಅದು ನೀರಿನಿಂದ ತಣಿಯುವ ಎಂಜಿನ್‌ಗೆಂದೇ ಬೂದಿ ಇಲ್ಲದಂತೆ ಮಾಡಿದ ಎಣ್ಣೆ.

ಹಂತ 5: ಜಾಗ ನೋಡಿ ಕಾರಣ ಹುಡುಕಿ

ಇಡೀ ಕೆಲಸದ ತಿರುಳು ಇಲ್ಲಿದೆ.

*ಮೇಲಿನ ಸಿಲಿಂಡರ್ ಹೋಗಿದ್ದರೆ* ಮೊದಲು ನೀರು ನೋಡಿ. ನೀರಿನ ಪಂಪ್ ಕೆಳಗೆ, ನೀರಿನಲ್ಲಿ ಮುಳುಗುವ ಕಾಲಿನ ಭಾಗದಲ್ಲಿದೆ, ನೀರು ಮೇಲಕ್ಕೆ ಏರಬೇಕು. ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಯ ಚಕ್ರ) ಸವೆದಾಗ ಕೊನೆಗೆ ನೀರು ಸಿಗುವುದು ಮೇಲಿನ ಸಿಲಿಂಡರ್‌ಗೆ. ಹಬೆ ಮತ್ತು ಗಾಳಿ ಗುಳ್ಳೆಗಳು ಸೇರಿಕೊಳ್ಳುವುದೂ ಅಲ್ಲೇ. ನಮ್ಮ ಅಳಿವೆಗಳಲ್ಲಿ ಹೊಯಿಗೆ (ಮರಳು) ಜಾಸ್ತಿ. ಆಳ ಇಲ್ಲದ ಕಡೆ ಎಂಜಿನ್ ಓಡಿಸಿದಾಗ ಆ ಹೊಯಿಗೆ ಪಂಪಿನ ಒಳಗೆ ಹೋಗಿ ಇಂಪೆಲ್ಲರ್‌ನ ರೆಕ್ಕೆಯನ್ನೂ ಅದರ ಬಟ್ಟಲನ್ನೂ ಉಜ್ಜುತ್ತದೆ.

ಹಿಂದಿನಿಂದ ನೀರಿನ ಧಾರೆ ಬರುತ್ತಿದೆ, ಹಾಗಾಗಿ ತಂಪು ಸರಿ ಇದೆ ಎಂದು ನಂಬಬೇಡಿ. ಆ ಧಾರೆ ಪಂಪ್ ತಿರುಗುತ್ತಿದೆ ಎಂದು ಹೇಳುತ್ತದೆ ಅಷ್ಟೇ. ಮೇಲಿನ ಸಿಲಿಂಡರ್ ಸುತ್ತಲಿನ ದಾರಿ ಉಪ್ಪಿನಿಂದ ಮುಚ್ಚಿದ್ದರೂ ಧಾರೆ ಬರುತ್ತಲೇ ಇರಬಹುದು. ಥರ್ಮಾಮೀಟರ್ ಗನ್‌ನಿಂದ ಪ್ರತಿ ಸಿಲಿಂಡರ್‌ನ ತಲೆಯ ಬಿಸಿ ನೋಡುವುದು ಇದಕ್ಕಿಂತ ನಂಬಿಕೆಯ ದಾರಿ. ಎಂಜಿನ್ ನೀರಿನಲ್ಲಿದ್ದು ಹತ್ತು ನಿಮಿಷ ಓಡಿದ ಮೇಲೆ ಮೇಲಿನದು ಉಳಿದವಕ್ಕಿಂತ ಎದ್ದು ಕಾಣುವಷ್ಟು ಬಿಸಿ ಇದ್ದರೆ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತೆರೆದು ನೀರು ಬಿಡುವ ಕವಾಟ) ತೆಗೆದು ಬಿಸಿನೀರಿನಲ್ಲಿ ಹಾಕಿ ತೆರೆಯುತ್ತದೆಯೇ ನೋಡಿ. ನೀರಿನ ದಾರಿಯ ಮುಚ್ಚಳ ಬಿಚ್ಚಿ ಉಪ್ಪು ಕೆರೆದು ತೆಗೆಯಿರಿ. ಇಂಪೆಲ್ಲರ್‌ನ ರೆಕ್ಕೆ ಮುರಿದಿದ್ದರೆ ಮುರಿದ ಚೂರು ಸಿಗುವವರೆಗೂ ಹುಡುಕಿ. ಅದು ನೀರಿನ ಕೊಳವೆಯಲ್ಲೋ ಬ್ಲಾಕ್‌ನ ಒಳಗೋ ಅಡ್ಡ ಕೂತಿರುತ್ತದೆ. ಹೊಸ ಇಂಪೆಲ್ಲರ್ ಹಾಕಿದರೂ ಆ ಚೂರು ಹೋಗುವುದಿಲ್ಲ.

ಎರಡನೆಯದು ಇಂಧನ. ಇಂಧನ ಎಳೆದು ಕೊಡುವ ಡಯಾಫ್ರಮ್ ಪಂಪ್ (ತೆಳು ಪರದೆ ಅಲುಗಿ ಓಡುವ ಪಂಪ್) ಸೋತಾಗ ಮೊದಲು ಕೊರತೆ ಕಾಣುವುದು ಮೇಲಿನ ಕಾರ್ಬೊರೇಟರ್‌ನಲ್ಲಿ. ಪೂರ್ತಿ ವೇಗದಲ್ಲಿ ಓಡುವಾಗ ಯಾರಾದರೂ ಕೈ ಪಂಪಿನ ರಬ್ಬರ್ ಬಲ್ಬ್ ಮುಟ್ಟಿ ನೋಡಲಿ. ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಅಡ್ಡಿ ಇದೆ: ಗಾಳಿ ಕಿಂಡಿ ಮುಚ್ಚಿರಬಹುದು, ಫಿಲ್ಟರ್ ಕಟ್ಟಿರಬಹುದು, ಹೋಸ್ ಒಳಗೆ ಊದಿರಬಹುದು. ಬಲ್ಬ್ ಒತ್ತಿದ ಕೂಡಲೇ ಎಂಜಿನ್ ಚುರುಕಾದರೆ ಪಂಪಿನ ಡಯಾಫ್ರಮ್ ಬದಲಿಸಿ. ಈಗ ಬಂಕ್‌ಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಇರುವ ಪೆಟ್ರೋಲ್. ಹಳೆಯ ಜೆಟ್ ಅಳತೆಗೆ ಅದು ಸ್ವಲ್ಪ ಲೀನ್ ಆಗಿಯೇ ಓಡುತ್ತದೆ. ಜೊತೆಗೆ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಹೋಸನ್ನು ಮೆತ್ತಗೆ ಮಾಡುತ್ತದೆ. ಮೊದಲೇ ಅಂಚಿನಲ್ಲಿದ್ದ ಸಿಲಿಂಡರ್‌ಗೆ ಅಷ್ಟು ಸಾಕು.

ಮೂರನೆಯದು ಫ್ಲೈವೀಲ್ ಕೆಳಗಿನ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ದಂಡದ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ. ಅದು ಗಟ್ಟಿಯಾಗಿ ಸೀಳಿದರೆ ಮೇಲಿನ ಕೋಣೆಗೆ ಮಾತ್ರ ಕಳ್ಳಗಾಳಿ ಹೋಗುತ್ತದೆ. ಸ್ಲೋನಲ್ಲಿ ಆರ್‌ಪಿಎಂ ತಾನಾಗಿ ಏರಿಳಿಯುವುದು, ಥ್ರಾಟಲ್ ಬಿಟ್ಟರೂ ತಡವಾಗಿ ಇಳಿಯುವುದು ಇದರ ಸೂಚನೆ. ಎಷ್ಟು ಪಿಸ್ಟನ್ ಬದಲಿಸಿದರೂ ಈ ಸೀಲ್ ಬದಲಿಸದೆ ಗುಣವಿಲ್ಲ.

*ಕೆಳಗಿನ ಸಿಲಿಂಡರ್ ಹೋಗಿದ್ದರೆ* ಒಳಗೆ ಬಂದ ನೀರಿನ ಕಡೆ ಮನಸ್ಸು ಕೊಡಿ. ಎಕ್ಸಾಸ್ಟ್ ದಾರಿಯಿಂದ ನೀರು ಮೇಲಕ್ಕೆ ಬಂದರೆ ಮೊದಲು ಸಿಗುವುದು ಕೆಳಗಿನ ಸಿಲಿಂಡರ್. ಎಂಜಿನ್ ತೀರಾ ಕೆಳಗೆ ಕೂರಿಸಿದ್ದರೆ, ಜೋರಾಗಿ ಬಂದು ದಿಢೀರ್ ನಿಲ್ಲಿಸಿದಾಗ ಹಿಂದಿನ ಅಲೆ ಏರಿ ಬಂದರೆ, ಎಕ್ಸಾಸ್ಟ್ ಕವರ್‌ನ ಗ್ಯಾಸ್ಕೆಟ್ ಹೋಗಿದ್ದರೆ ಹೀಗಾಗುತ್ತದೆ. ಉಪ್ಪುನೀರು ಒಂದು ರಾತ್ರಿ ನಿಂತರೂ ಬೇರಿಂಗ್‌ನಲ್ಲಿ ತುಕ್ಕು ಹಿಡಿಯುತ್ತದೆ. ಸದ್ದು ಬರಲು ಶುರುವಾಗುವುದು ಎಷ್ಟೋ ದಿನದ ನಂತರ.

ನಾಡದೋಣಿಯವರಿಗೆ ಇಲ್ಲೊಂದು ವಿಶೇಷ ಎಚ್ಚರ ಬೇಕು. ದಡಕ್ಕೆ ಬಂದ ಮೇಲೆ ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊತ್ತು ತರುವುದು ರೂಢಿ. ಕಾಲಿನ ಭಾಗ ಮೇಲಾಗಿ, ತಲೆ ಕೆಳಗಾಗಿ ಹೊತ್ತರೆ ಕಾಲಿನಲ್ಲಿ ಉಳಿದ ಉಪ್ಪುನೀರು ಎಕ್ಸಾಸ್ಟ್ ಮೂಲಕ ಸಿಲಿಂಡರ್‌ಗೆ ಇಳಿಯುತ್ತದೆ. ಮೊದಲು ನೇರ ನಿಲ್ಲಿಸಿ ನೀರು ಪೂರ್ತಿ ಬಸಿಯಲು ಬಿಡಿ. ಹೊರುವಾಗಲೂ ಮಲಗಿಸುವಾಗಲೂ ತಲೆಯ ಭಾಗ ಎತ್ತರದಲ್ಲಿರಲಿ. ಒಂದು ಪೈಸೆ ಖರ್ಚಿಲ್ಲದೆ ಬೇರಿಂಗ್ ಉಳಿಸುವ ಕೆಲಸ ಇದು.

ಕೆಳಗಿನ ಕ್ರ್ಯಾಂಕ್ ಸೀಲ್ ಹೋದರೂ ಕೆಳಗಿನ ಸಿಲಿಂಡರ್ ಲೀನ್ ಆಗುತ್ತದೆ, ನೀರಿನ ತೇವವೂ ಒಳಗೆ ಸೇರುತ್ತದೆ. ಹೊಯಿಗೆ, ಕೆಸರು, ಉಪ್ಪಿನ ಪುಡಿ ತಂಗುವುದೂ ಬ್ಲಾಕ್‌ನ ತಳದಲ್ಲೇ.

*ಮೂರು ಸಿಲಿಂಡರ್ ಎಂಜಿನ್‌ನ ನಡುವಿನದು ಹೋಗಿದ್ದರೆ* ಅದಕ್ಕೆ ಎರಡೂ ಕಡೆಯ ಬಿಸಿ ತಾಗುತ್ತದೆ ಎನ್ನುವುದು ನೆನಪಿರಲಿ. ಆದರೆ ಅಲ್ಲಿಗೆ ನಿಲ್ಲಬೇಡಿ. ಸಾಮಾನ್ಯವಾಗಿ ಆ ಸಿಲಿಂಡರ್‌ನ ಕಾರ್ಬೊರೇಟರ್ ಅಥವಾ ಟೈಮಿಂಗ್‌ನಲ್ಲಿ ತಪ್ಪು ಸಿಕ್ಕೇ ಸಿಗುತ್ತದೆ.

*ಯಾವ ಸಿಲಿಂಡರ್‌ಗಾದರೂ ಬರಬಹುದಾದ ತೊಂದರೆಗಳು* ಇನ್ನೂ ಇವೆ. ಮುಖ್ಯ ಜೆಟ್ ಅರ್ಧ ಕಟ್ಟಿರುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ಕಾರಣ. ತಿಂಗಳುಗಟ್ಟಲೆ ನಿಂತ ಎಂಜಿನ್‌ನಲ್ಲಿ ಪೆಟ್ರೋಲ್ ಆರಿ ಅಂಟಾಗಿ ಕೂರುತ್ತದೆ. ಜೆಟ್‌ಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕ್ಲೀನರ್ ಮತ್ತು ಗಾಳಿ ಸಾಕು. ಒಂದು ಕಾರ್ಬೊರೇಟರ್ ಬಿಚ್ಚಿದರೆ ಎಲ್ಲವನ್ನೂ ತೊಳೆಯಿರಿ. ಆಮೇಲೆ ಲಿಂಕ್ ಸ್ಕ್ರೂ ಸಡಿಲಿಸಿ, ಎಲ್ಲ ಥ್ರಾಟಲ್ ಪ್ಲೇಟ್‌ಗಳೂ ಪೂರ್ತಿ ಮುಚ್ಚಿದಾಗ ಬಿಗಿ ಮಾಡಿ. ಎಲ್ಲವೂ ಒಟ್ಟಿಗೆ ತೆರೆಯಬೇಕು, ಒಟ್ಟಿಗೆ ಮುಚ್ಚಬೇಕು.

ರೀಡ್ ವಾಲ್ವ್‌ನ ಎಲೆ ಮುರಿದಿದೆಯೇ, ತುದಿ ಎದ್ದಿದೆಯೇ ನೋಡಿ. ಕಾರ್ಬೊರೇಟರ್ ಬಾಯಿಂದ ಇಂಧನ ಹಿಂದಕ್ಕೆ ಉಗುಳುತ್ತಿದ್ದರೆ ಅದೇ. ಟೈಮಿಂಗ್ ಲೈಟನ್ನು 1ನೇ ಸಿಲಿಂಡರ್‌ಗೆ ಮಾತ್ರ ಹಿಡಿದು ಬಿಡಬೇಡಿ, ಎಲ್ಲ ವೈರ್‌ಗಳಿಗೂ ಹಿಡಿಯಿರಿ. ಒಂದರ ಟೈಮಿಂಗ್ ಮಾತ್ರ ಮುಂದಿದ್ದರೆ ಫ್ಲೈವೀಲ್ ಕೆಳಗಿನ ಟ್ರಿಗರ್ ಕಾಯಿಲ್ (ಕಿಡಿಗೆ ಸೂಚನೆ ಕೊಡುವ ಕಾಯಿಲ್) ಕೆಟ್ಟಿರಬಹುದು. ಎಣ್ಣೆ ಪಂಪ್ ಇರುವ ಎಂಜಿನ್‌ಗಳಲ್ಲಿ ಕೆಲವಕ್ಕೆ ಪ್ರತಿ ಸಿಲಿಂಡರ್‌ಗೂ ಬೇರೆ ಎಣ್ಣೆ ಹೋಸ್ ಇರುತ್ತದೆ. ಒಂದು ಹೋಸ್ ಮಡಿಚಿದರೂ ಆ ಸಿಲಿಂಡರ್ ಒಣಗುತ್ತದೆ.

ಡಯಾಫ್ರಮ್ ಪಂಪ್ ಓಡುವುದು ಯಾವುದೋ ಒಂದು ಸಿಲಿಂಡರ್‌ನ ಕ್ರ್ಯಾಂಕ್‌ಕೇಸ್ ಒತ್ತಡದಿಂದ. ಡಯಾಫ್ರಮ್ ಹರಿದರೆ ಹಸಿ ಪೆಟ್ರೋಲ್ ನೇರ ಆ ಸಿಲಿಂಡರ್‌ಗೆ ಸೇರಿ ಅದರ ಪ್ಲಗ್ ಒದ್ದೆಯಾಗುತ್ತಲೇ ಇರುತ್ತದೆ. ಆ ಸಿಲಿಂಡರೇ ಸೋತರೆ ಪಂಪೂ ಸೋಲುತ್ತದೆ, ಮಿಕ್ಕ ಸಿಲಿಂಡರ್‌ಗಳಿಗೂ ಇಂಧನ ಕಡಿಮೆಯಾಗುತ್ತದೆ. ಒಂದು ಹೋದ ಬೆನ್ನಿಗೇ ಇನ್ನೊಂದು ಹೋಗುವುದಕ್ಕೆ ಇದೂ ಒಂದು ಕಾರಣ.

ಸೀಮೆಎಣ್ಣೆಯಲ್ಲಿ ಓಡಿಸುವವರಿಗೆ

ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲ್‌ಗಿಂತ ಬಹಳ ಕಡಿಮೆ. ಬೇಗ ಸಿಡಿಯುತ್ತದೆ. ಅದಕ್ಕೇ ಸೀಮೆಎಣ್ಣೆ ಎಂಜಿನ್‌ಗಳ ಕಂಪ್ರೆಶನ್ ಕಡಿಮೆ ಇಟ್ಟಿರುತ್ತಾರೆ. ಪೆಟ್ರೋಲ್‌ಗೆಂದೇ ಮಾಡಿದ ಎಂಜಿನ್‌ಗೆ ಸೀಮೆಎಣ್ಣೆ ಹಾಕಿದರೆ, ಅಥವಾ ರಿಪೇರಿಯಲ್ಲಿ ತೆಳು ಗ್ಯಾಸ್ಕೆಟ್ ಹಾಕಿದರೆ, ಹೆಚ್ಚು ಬಿಸಿ ಇರುವ ಸಿಲಿಂಡರ್‌ನ ಪಿಸ್ಟನ್ ಅಂಚು ಮೊದಲು ಹೋಗುತ್ತದೆ.

ಸೀಮೆಎಣ್ಣೆ ತಣ್ಣಗಿನ ಎಂಜಿನ್‌ನಲ್ಲಿ ಆವಿಯಾಗುವುದಿಲ್ಲ. ಪೆಟ್ರೋಲ್‌ನಲ್ಲಿ ಶುರು ಮಾಡಿ, ಚೆನ್ನಾಗಿ ಬಿಸಿಯಾದ ಮೇಲೆ ಬದಲಿಸಿ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲ್‌ಗೆ ತಂದು ಕೆಲವು ನಿಮಿಷ ಓಡಿಸಿ, ಕಾರ್ಬೊರೇಟರ್‌ನಲ್ಲಿ ಸೀಮೆಎಣ್ಣೆ ಉಳಿಯಬಾರದು. ಬಲೆ ಬಿಡುವಾಗ ಬಹಳ ಹೊತ್ತು ನಿಧಾನ ಓಡಿಸಬೇಕಾದರೆ ಪೆಟ್ರೋಲ್‌ನಲ್ಲೇ ಇರಿ. ಒಂದೇ ಕಾರ್ಬೊರೇಟರ್ ಎರಡು ಸಿಲಿಂಡರ್‌ಗೆ ಕೊಡುವ ಚಿಕ್ಕ ಎಂಜಿನ್‌ಗಳಲ್ಲಿ ಆವಿಯಾಗದ ಸೀಮೆಎಣ್ಣೆ ಕೆಳಗಿನ ಸಿಲಿಂಡರ್ ಕಡೆ ಹರಿಯುತ್ತದೆ. ಅಲ್ಲಿನ ಪ್ಲಗ್ ಒದ್ದೆ, ಮೇಲಿನದು ಲೀನ್. ಎರಡಕ್ಕೂ ಕೇಡು.

ಹಂತ 6: ಮತ್ತೆ ಜೋಡಿಸುವಾಗ

ಕಾರಣ ಸಿಕ್ಕಿ, ಸರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಸಿಲಿಂಡರ್ ಗೋಡೆಯಲ್ಲಿ ಆಳವಾದ ಗೀರಿದ್ದರೆ ಬೋರ್ ಆಗಲೇಬೇಕು. ಮೊದಲು ಓವರ್‌ಸೈಜ್ ಪಿಸ್ಟನ್ ಕೈಗೆ ಬರಲಿ. ಅದನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ಕೈಪಿಡಿ ಹೇಳಿದ ಅಂತರ ಬಿಟ್ಟು ಬೋರ್ ಮಾಡಲು ಲೇತ್‌ನವರಿಗೆ ಹೇಳಿ. ಅಂದಾಜಿನ ಬೋರ್ ಬೇಡ. ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚು ಚೂಪಾಗಿರುತ್ತದೆ. ಅದನ್ನು ಸಣ್ಣಗೆ ಮಟ್ಟ ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಈ ಕೆಲಸ ಬಿಟ್ಟುಬಿಡುವವರು ಬಹಳ. ನಿಂತು ಕೇಳಿ ಮಾಡಿಸಿ.

ರಿಂಗ್ ಮುರಿದಿದ್ದರೆ ಚೂರುಗಳು ಕ್ರ್ಯಾಂಕ್‌ಕೇಸ್‌ಗೂ ಹೋಗಿರುತ್ತವೆ. ಪೂರ್ತಿ ಬಿಚ್ಚಿ ತೊಳೆಯಿರಿ, ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಬೆರಳಿನಿಂದ ತಿರುಗಿಸಿ ನೋಡಿ. ಒರಟು ಅನ್ನಿಸಿದರೆ ಹಾಕಬೇಡಿ. ರಿಂಗ್‌ನ ತುದಿಗಳು ಗ್ರೂವ್‌ನಲ್ಲಿರುವ ಪಿನ್‌ಗೆ ಸರಿಯಾಗಿ ಕೂರಲಿ. ಪಿಸ್ಟನ್ ಮೇಲಿನ ಗುರುತು ಕೈಪಿಡಿ ಹೇಳಿದ ದಿಕ್ಕಿಗಿರಲಿ. ಸರ್ಕ್ಲಿಪ್, ಸೀಲ್, ಗ್ಯಾಸ್ಕೆಟ್ ಎಲ್ಲ ಹೊಸದು. ಕಾದ ಹೆಡ್ ಸೊಟ್ಟಗಾಗಿರುತ್ತದೆ. ದಪ್ಪ ಗಾಜಿನ ಮೇಲೆ ಉಜ್ಜುಕಾಗದ ಹರಡಿ ತಿಕ್ಕಿ ನೋಡಿ, ತಗ್ಗು ಇದ್ದಲ್ಲಿ ಹೊಳಪು ಬರುವುದಿಲ್ಲ. ಸಮ ಆಗುವವರೆಗೆ ತಿಕ್ಕಿ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಯಿರಿ.

ಹಂತ 7: ಹೊಂದಿಸಿ ಓಡಿಸುವುದು

ಮಾಮೂಲಿ 50:1 ಮಿಶ್ರಣ ಎಂದರೆ ಲೀಟರ್ ಪೆಟ್ರೋಲ್‌ಗೆ 20 ಮಿಲಿ ಎಣ್ಣೆ. ಅಂಥ ಎಂಜಿನ್‌ಗೆ ಮೊದಲ ಹತ್ತು ಗಂಟೆ ಎಣ್ಣೆ ದುಪ್ಪಟ್ಟು, ಅಂದರೆ 40 ಮಿಲಿ ಹಾಕುವುದು ಸಾಮಾನ್ಯ ಕ್ರಮ. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದನ್ನೇ ಮಾಡಿ. ಅಳತೆ ಡಬ್ಬ ಬಳಸಿ, ಕಣ್ಣಂದಾಜು ಬೇಡ. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಏರಿಸಿ ಇಳಿಸುತ್ತಿರಿ. ಶುರುವಿನ ಗಂಟೆಗಳಲ್ಲಿ ಪೂರ್ತಿ ಥ್ರಾಟಲ್ ಬೇಡವೇ ಬೇಡ. ಮೊದಲ ಓಟ ದಡದ ಹತ್ತಿರವೇ ಇರಲಿ, ಇನ್ನೊಂದು ದೋಣಿ ಜೊತೆಗಿರಲಿ.

ಪ್ರತಿ ಸಲ ಕಡಲಿನಿಂದ ಬಂದ ಮೇಲೆ ಸಿಹಿನೀರಿನ ಡ್ರಮ್‌ನಲ್ಲಿ ನಿಲ್ಲಿಸಿ, ಥರ್ಮೋಸ್ಟ್ಯಾಟ್ ತೆರೆಯುವಷ್ಟು ಹೊತ್ತು ಓಡಿಸಿ. ಎರಡು ನಿಮಿಷದಲ್ಲಿ ನಿಲ್ಲಿಸಿದರೆ ಥರ್ಮೋಸ್ಟ್ಯಾಟ್ ಮುಚ್ಚಿಯೇ ಇರುತ್ತದೆ, ಮೇಲಿನ ಸಿಲಿಂಡರ್ ಸುತ್ತ ಉಪ್ಪು ಹಾಗೇ ಉಳಿಯುತ್ತದೆ. ಇಂಪೆಲ್ಲರ್ ವರ್ಷಕ್ಕೊಮ್ಮೆ ಬದಲಿಸಿ, ಹೊಯಿಗೆ ನೀರಿನಲ್ಲಿ ಓಡಿಸುವವರು ಇನ್ನೂ ಬೇಗ.

ಹತ್ತು ಗಂಟೆ ಓಡಿದ ಮೇಲೆ ಮತ್ತೆ ಕಂಪ್ರೆಶನ್ ಅಳೆಯಿರಿ, ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ, ತಲೆಯ ಬಿಸಿ ಅಳೆಯಿರಿ. ದಿನಾಂಕ ಹಾಕಿ ಸಿಲಿಂಡರ್ ನಂಬರ್ ಪ್ರಕಾರ ಬರೆದಿಡಿ. ರಿಪೇರಿ ಆದ ಸಿಲಿಂಡರ್‌ನ ಪ್ಲಗ್ ಉಳಿದವಕ್ಕಿಂತ ಬಿಳಿಯಾಗಿ ಕಂಡರೆ ಅವತ್ತೇ ಎಂಜಿನ್ ಇಳಿಸಿ, 5ನೇ ಹಂತಕ್ಕೆ ವಾಪಸ್ ಹೋಗಿ.